ಮಡಚಿಕೊಂಡ ಬೆರಳುಗಳು

ಜೂನ್ ೧೨, ಗುರುವಾರ

ಬೆಳಗಿನ ಸಭೆ ಇನ್ನೂ ತಲೆಯಿಂದ ಇಳಿದಿಲ್ಲ. ಬಾಗಲಗುಂಟೆಯ ಹೆಣ್ಣುಮಕ್ಕಳಿಗೆ ರೋಗಿಗಳ ಆರೈಕೆ ಕಲಿಸಿ ಪೀಣ್ಯದ ಕ್ಲಿನಿಕ್‌ಗಳಿಗೆ ಕಳಿಸುವ ನಮ್ಮ ಸಂಸ್ಥೆ ಎಷ್ಟು ಗಟ್ಟಿಯಿದೆ ಎಂದು ನಾವೇ ಅಳೆದುಕೊಳ್ಳುವ ದಿನ ಇಂದು. ಪ್ರತಿ ಪ್ರಶ್ನೆಗೂ ಐದರಲ್ಲಿ ಎಷ್ಟು ಎಂದು ಎಲ್ಲರೂ ಬೆರಳೆತ್ತಿ ತೋರಿಸಬೇಕು.

‘ಮುಖ್ಯಸ್ಥರು ಮೂರು ತಿಂಗಳು ಇಲ್ಲದಿದ್ದರೂ ಕೆಲಸ ನಡೆಯುತ್ತದೆಯೇ?’ ಎಂಬ ಪ್ರಶ್ನೆಗೆ ಎಲ್ಲರೂ ಐದು ಬೆರಳೆತ್ತಿದರು. ಮುಖ್ಯಸ್ಥೆಯಾದ ನಾನು ಎರಡು ಎತ್ತಿದೆ. ನೋಡುತ್ತಿದ್ದಂತೆಯೇ ಅವರ ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಎಲ್ಲರದೂ ಎರಡಾಯಿತು.

“ಯಾಕೆ ಎಲ್ರೂ ಮಡಚ್ಬಿಟ್ರಿ?” ಎಂದೆ.

“ನೀವು ಎರಡು ಅಂದ್ರಲ್ರೀ ಮೇಡಂ,” ಎಂದಳು ತರಬೇತಿ ನೋಡಿಕೊಳ್ಳುವ ದಾನೇಶ್ವರಿ.

“ಮೇಡಂ ಎಲ್ಲೋಗ್ತಾರೆ ಬಿಡಿ, ಹಬ್ಬಕ್ಕೇ ರಜಾ ಹಾಕಲ್ಲ,” ಎಂದ ಲೆಕ್ಕಪತ್ರದ ಭಾನುಪ್ರಕಾಶ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ತಿಂಗಳು ನನ್ನ ಗರ್ಭಕೋಶ ತೆಗೆಯುತ್ತಾರೆ. ಒಳಗಿನ ಗಡ್ಡೆ ಎಂಥದೆಂದು ಆಮೇಲೆಯೇ ಗೊತ್ತಾಗುವುದಂತೆ. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಮಲಗುವ ಮುಂಚೆ ಕವಿತೆ ಓದೋಣವೆಂದು ಕೂತರೆ ಒಂದು ಸಾಲೂ ಒಳಗಿಳಿಯುತ್ತಿಲ್ಲ. ನಾನು ವಾರ್ಡಿನಲ್ಲಿ ಮಲಗಿರುವಾಗ ಯಾವುದೋ ಕ್ಲಿನಿಕ್‌ನಿಂದ ನಮ್ಮ ಹುಡುಗಿಯೊಬ್ಬಳು ಅಳುತ್ತಾ ಫೋನ್ ಮಾಡಿದರೆ, ಇವರೆಲ್ಲ ಯಾರ ಕೈ ನೋಡುತ್ತಾರೆ?

ನಾಳೆ ವಿಷಯ ಹೇಳಿಬಿಡಬೇಕು. ಅದೇ ಪ್ರಶ್ನೆಯನ್ನು ಮತ್ತೆ ಅವರ ಮುಂದಿಟ್ಟು, ನಾನು ಹೊರಗೆ ಹೋಗಿ ನಿಲ್ಲಬೇಕು. ಅವರವರೇ ಜಗಳವಾಡಿ ತೀರ್ಮಾನಿಸಲಿ. ಆದರೆ ನಡುವೆ ಯಾರಾದರೂ “ಮೇಡಂ, ಸ್ವಲ್ಪ ಬನ್ನಿ” ಎಂದು ಕರೆದರೆ, ಒಳಗೆ ಹೋಗದೆ ನಿಂತಿರಲು ನನ್ನಿಂದ ಆದೀತೇ?