ಕಂಪ್ಯೂಟರಿನ ಟೊಮೆಟೊ

21-2-2010, ಭಾನುವಾರ
ಬೈರಾಪಟ್ಟಣ

ಬೆರಳಿಗೆ ಅಂಟಿದ ರೇಷ್ಮೆ ಎಳೆ ಎಷ್ಟು ತೊಳೆದರೂ ಹೋಗಿಲ್ಲ ಅನ್ನಿಸುತ್ತಿದೆ.

ಹುಳು ಹಣ್ಣಾಗಿವೆ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು ಬಾ ಎಂದು ಅತ್ತೆ ಮಧ್ಯಾಹ್ನವೇ ಕರೆದಿದ್ದರು. ಬಂದೆ ಅಂದವಳು ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ. ಬೇಸಾಯದ ಆಟದಲ್ಲಿ ಟೊಮೆಟೊ ಕೊಯ್ಲಿಗೆ ಬಂದಿತ್ತು, ಹೊತ್ತು ಮೀರಿದರೆ ಒಣಗಿಹೋಗುತ್ತದೆ. ಎಂಥ ಪೆದ್ದು ಆಟ. ಕೈಗೆ ಮಣ್ಣು ಮೆತ್ತುವುದಿಲ್ಲ, ನೀರು ಹಾಯಿಸಲು ಕರೆಂಟು ಕಾಯಬೇಕಿಲ್ಲ, ಮಾರುವ ಹೊತ್ತಿಗೆ ಬೆಲೆ ಬೀಳುವುದಿಲ್ಲ. ಅದಕ್ಕೇ ಬಿಡಲಾಗುತ್ತಿಲ್ಲವೋ ಏನೋ. ಕೊಯ್ದ ಕೈಯಲ್ಲೇ ಮತ್ತೆ ಬಿತ್ತಿಯೂ ಬಿಟ್ಟೆ.

ನಾನು ಹುಳುಮನೆಗೆ ಹೋಗುವಷ್ಟರಲ್ಲಿ ಎರಡು ತಟ್ಟೆಯ ಹುಳುಗಳು ಸೊಪ್ಪಿನ ಕಸದೊಳಗೇ ಗೂಡು ಕಟ್ಟತೊಡಗಿದ್ದವು. ಕಲೆ ಹಿಡಿದ ಆ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ. ಅತ್ತೆ ಒಬ್ಬರೇ ಕೂತು ಉಳಿದ ಹುಳು ಆರಿಸುತ್ತಿದ್ದರು. ಬಯ್ದಿದ್ದರೆ ಒಳ್ಳೆಯದಿತ್ತು.

"ನಿನ್ ಟಮಾಟೆ ಎಲ್ಲಾ ಕುಯ್ಕಂಡ್ಯೇನವ್ವ?" ಎಂದರು, ತಲೆ ಎತ್ತದೆ.

ಆಟವನ್ನು ಇವತ್ತೇ ಬಿಟ್ಟುಬಿಡಬೇಕು ಅಂದುಕೊಂಡೆ. ಆದರೆ ಬಿತ್ತಿದ್ದು ನಾಳೆ ಬೆಳಿಗ್ಗೆ ಐದಕ್ಕೆ ಕೊಯ್ಲಿಗೆ ಬರುತ್ತದೆ. ಅಲಾರಂ ಇಡುವುದನ್ನು ಅತ್ತೆ ನೋಡಿಬಿಟ್ಟರು. ಚಂದ್ರಿಕೆ ಬಿಸಿಲಿಗಿಡಬೇಕಲ್ಲ, ಅದಕ್ಕೆ ಅಂದೆ.

"ಅಷ್ಟೊತ್ಗೆ ಯಾಕವ್ವ, ಒಸಿ ಮಲಿಕ್ಕೊ, ನಾನೇ ಇಡ್ತೀನಿ" ಎಂದು ತಲೆ ಸವರಿ ಹೋದರು.

ಅಲಾರಂ ಇನ್ನೂ ಐದಕ್ಕೇ ಇದೆ.