ಶಿಡ್ಲಘಟ್ಟದಲ್ಲೇ ಇರುತ್ತೇನೆ

ಶಿಡ್ಲಘಟ್ಟ
೧೮-೧೧-೨೦೦೬

ಪ್ರೀತಿಯ ಶ್ರೀವಲ್ಲಿಗೆ,

ನಿನ್ನ ಗೋದ ಅತ್ತಿಗೆಯ ಆಶೀರ್ವಾದಗಳು. ನೀನು ಎರಡು ಪತ್ರ ಬರೆದರೂ ನಾನು ಒಂದಕ್ಕೂ ಉತ್ತರಿಸಲಿಲ್ಲ. ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಏನೂ ತೋಚುತ್ತಿರಲಿಲ್ಲ, ಅಷ್ಟೆ.

ನನ್ನನ್ನು ಗೌರಿಬಿದನೂರಿಗೆ ವರ್ಗ ಮಾಡಿಸಲು ನಿನ್ನ ಯಜಮಾನರು ಓಡಾಡಿ ತಂದ ಅರ್ಜಿ ತಲುಪಿತು. ಆ ನಾತದ ಊರಲ್ಲಿ ಅತ್ತಿಗೆ ಹೇಗಿರ್ತಾರೋ ಎಂದು ನೀನು ಅತ್ತಿದ್ದೂ ಗೊತ್ತಾಯಿತು. ನಿಜ ಕಣೇ, ಇಲ್ಲಿ ಬಸ್ಸಿಳಿಯುವ ಮೊದಲೇ ಜನ ಸೆರಗನ್ನು ಮೂಗಿಗೆ ಹಿಡಿಯುತ್ತಾರೆ. ಬೀದಿಬೀದಿಗೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳು, ಬೆಂದ ಹುಳದ ವಾಸನೆ. ನಿಮ್ಮಣ್ಣ ಇಲ್ಲಿನ ಗೂಡಿನ ಮಾರುಕಟ್ಟೆಯಲ್ಲಿ ಒಂಬತ್ತು ವರ್ಷ ಗುಮಾಸ್ತರಾಗಿದ್ದರೂ ನಾನು ಒಂದು ದಿನವೂ ಈ ಊರಿಗೆ ಕಾಲಿಡಲಿಲ್ಲ. ಅವರು ಹೋದ ಮೇಲೆ ಅನುಕಂಪದ ನೌಕರಿ ಸಿಕ್ಕಿ, ಜುಲೈಯಲ್ಲಿ ಅದೇ ಕಚೇರಿಗೆ ಬಂದೆ. ಇಳಿದ ಕೂಡಲೇ ವಾಸನೆ ಬಡಿಯಿತು. ಹೇಸಿಗೆಯಾಗಲಿಲ್ಲ. ಏನೂ ಆಗಲಿಲ್ಲ.

ಅವರು ವಾರವೆಲ್ಲ ಇರುತ್ತಿದ್ದ ಕೋಣೆಯಲ್ಲೇ ಇದ್ದೇನೆ. ಮನೆಯೊಡತಿ ಅಶ್ವತ್ಥಮ್ಮ ಮೊದಲು ಗೂಡು ಬೇಯಿಸುವ ಕೆಲಸ ಮಾಡಿದವಳು. ಬಿಸಿನೀರಿಗೆ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಲಿದಿವೆ. ನಾನು ಬಂದ ದಿನವೇ ಮುದ್ದೆ, ಹುರುಳಿ ಸಾರು ತಂದಿಟ್ಟಳು. ಈರುಳ್ಳಿ ಹಾಕಿದ್ದೀಯಾ ಎಂದು ಕೇಳಿದೆ.

"ಹಾಕ್ದೆ ಇರ್ತೀನಾ ತಾಯಿ? ನಿಮ್ ಯಜಮಾನ್ರಿಗೆ ಈರುಳ್ಳಿ ಜಾಸ್ತೀನೇ ಬೇಕಾಗಿತ್ತು" ಎಂದಳು.

ನಮ್ಮ ಮನೆಯಲ್ಲಿ ಈರುಳ್ಳಿ ಮುಟ್ಟದಿದ್ದ ಮನುಷ್ಯ! "ಊಟಕ್ಕೆ ಕೂತ್ರೆ ನಗ್ಸಿ ನಗ್ಸಿ ಹೊಟ್ಟೆ ನೋಯ್ಸೋರು ಕಣಮ್ಮ. ನಮ್ಮತ್ತೆ ತರಾನೇ ಮಾತಾಡಿ ತೋರ್ಸೋರು" ಎಂದೂ ಹೇಳಿದಳು. ಶ್ರೀವಲ್ಲಿ, ನಮ್ಮ ಮನೆಯಲ್ಲಿ ಅವರು ಜೋರಾಗಿ ನಕ್ಕಿದ್ದು ನಿನಗೆ ನೆನಪಿದೆಯೇ? ನನಗಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದೆ.

ಹೋದ ವಾರ ಹರಾಜಿನ ಹೊತ್ತಿಗೆ ಪೆರೇಸಂದ್ರದ ಬಯ್ಯಪ್ಪ ಎಂಬ ರೈತ ನನ್ನ ಅಂಗೈಯಲ್ಲಿ ಒಂದು ಗೂಡು ಇಟ್ಟ. "ಅಲ್ಲಾಡ್ಸಿ ನೋಡಮ್ಮ, ಒಳಗೆ ಹುಳ ಕುಲುಕ್ತೈತೆ. ಸಾರ್ ಕಿವಿ ಹತ್ರ ಹಿಡ್ದು ಬಲಿತೈತೋ ಇಲ್ವೋ ಹೇಳ್ಬಿಡೋರು" ಎಂದ. ಕಿವಿಗೆ ಹಿಡಿದೆ. ಸಣ್ಣ ಸದ್ದು ಬಂತು. ಮಧ್ಯಾಹ್ನದವರೆಗೂ ಒಬ್ಬೊಬ್ಬರ ಗೂಡನ್ನೂ ಹಾಗೇ ಕೇಳುತ್ತ ಹೋದೆ. ಮೂರು ಸಲ ಅಂದಾಜು ತಪ್ಪಿತು. ಗೂಡು ಕೊಳ್ಳಲು ಬಂದವರು ನಕ್ಕರು. ಅವರಲ್ಲಿ ವಯಸ್ಸಾದ ಸಾಹೇಬರೊಬ್ಬರು "ಬೈಠೋ ಬೆಹೆನ್, ನಿಧಾನಕ್ಕೆ ಬರುತ್ತೆ" ಎಂದು ಕುರ್ಚಿ ಎಳೆದುಕೊಟ್ಟರು.

ನನ್ನ ಮೂಗು ಒಗ್ಗಿತೋ ಸತ್ತಿತೋ ತಿಳಿಯದು. ಸಂಜೆ ನಡೆದು ಬರುವಾಗ ಬಾಗಿಲು ಬಾಗಿಲಲ್ಲಿ "ಬನ್ನಿ ಮೇಡಂ" ಅನ್ನುತ್ತಾರೆ. ಒಳಗೆ ರಾಟೆ ತಿರುಗುತ್ತಿರುತ್ತದೆ, ನಿಂತು ನೋಡುತ್ತೇನೆ. ಗೌರಿಬಿದನೂರಿನಲ್ಲಿ ಇಪ್ಪತ್ತು ವರ್ಷ ಇದ್ದು ಯಾರ ಬಾಗಿಲಲ್ಲೂ ಹೀಗೆ ನಿಂತವಳಲ್ಲ ನಾನು.

ಅರ್ಜಿಗೆ ಸಹಿ ಹಾಕಿಲ್ಲ. ಇದರ ಜೊತೆಯಲ್ಲೇ ಹಿಂದಕ್ಕೆ ಕಳಿಸಿದ್ದೇನೆ. ಯಜಮಾನರಿಗೆ ಬೇಸರವಾಗದಂತೆ ನೀನೇ ಹೇಳು. ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಮಂಡಿನೋವು ಬೇಗ ಇಳಿಯಲಿ, ಮನೆ ತುಂಬಿರಲಿ.

ಇಂತಿ,
ನಿನ್ನ ಅತ್ತಿಗೆ
ಗೋದ

ತಾ.ಕ.: ಅಣ್ಣನ ಕೊನೆಯ ಮಾತೇನು ಎಂದು ಎರಡು ಪತ್ರದಲ್ಲೂ ಕೇಳಿದ್ದೀಯ. ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಬಿದ್ದರು ಎಂದಷ್ಟೇ ಎಲ್ಲರಿಗೂ ಹೇಳಿದ್ದೆ. ಆ ಶನಿವಾರ ಇಲ್ಲಿಂದ ಬಂದವರು ಬಾಗಿಲಲ್ಲೇ "ಎದೆ ಹಿಡ್ಕೊಂಡ ಹಾಗಿದೆ ಗೋದಾ, ಒಂದ್ನಿಮಿಷ ಕೂತ್ಕೋತೀನಿ" ಅಂದರು. ಒಂಬತ್ತು ವರ್ಷ ಪ್ರತಿ ಶನಿವಾರ ಹೇಳಿದ್ದನ್ನೇ ಅಂದೂ ಹೇಳಿದೆ: "ಆ ನಾತ ಹೊತ್ಕೊಂಡು ಒಳಗೆ ಬರ್ಬೇಡಿ, ಹಿತ್ತಲಿಂದ ಹೋಗಿ ಸ್ನಾನ ಮಾಡಿ." ಬಿಟ್ಟಿದ್ದ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಮನೆ ಸುತ್ತಿ ಹೋದರು. ನೀರಿನ ಸದ್ದು ಕೇಳಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿ ಮುಗಿಸಿ, ಆಮೇಲೆ ಹೋದೆ.