ಹಾಲುತಂಗಿಯ ಗಾಡಿ

ಇಸ್ತಾಂಬುಲ್,
ಶಾಬಾನ್ ತಿಂಗಳ ನಡುವೆ, ಭಾನುವಾರ

ನನ್ನ ಕಣ್ಣ ಬೆಳಕು ನೆಫೀಸೆ,

ಅಲ್ಲಾಹನು ನಿನ್ನನ್ನೂ ಅಳಿಯ ಇಲ್ಯಾಸ್‌ನನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಕಾಗದ ಬಂತು. ನೀವಿರುವ ಕೋಟೆಯ ಊರನ್ನು ಶತ್ರುವಿಗೆ ಬಿಟ್ಟುಕೊಟ್ಟು ಹೊಸ ಸುಲ್ತಾನರು ಸಂಧಿ ಮಾಡಿಕೊಳ್ಳುತ್ತಾರಂತೆ, ನಿನ್ನ ಹಾಲು ಕುಡಿದು ಬೆಳೆದವರಿಗೆ ನೀನೊಂದು ಮಾತು ಹೇಳಿ ತಪ್ಪಿಸಮ್ಮ ಎಂದು ಬರೆದಿದ್ದೀ. ಮಗುವಿನ ಗೋರಿ ಬಿಟ್ಟು ಹೇಗೆ ಬರಲಿ ಎಂದು ಕೇಳಿದ್ದೀ.

ಸುದ್ದಿ ನಿಜ. ಸುಲ್ತಾನರ ದೊಡ್ಡಪ್ಪನ ಕಾಲದ ಯುದ್ಧಗಳಲ್ಲಿ ಅರ್ಧ ಸೈನ್ಯ ಹೋಯಿತು. ನಮ್ಮ ಬೀದಿಯಲ್ಲಿ ಈಗ ಗಂಡಸರಿಲ್ಲದ ಮನೆಗಳೇ ಹೆಚ್ಚು. ರೊಟ್ಟಿಯಲ್ಲಿ ಗೋಧಿಗಿಂತ ಬಾರ್ಲಿ ಜಾಸ್ತಿ. ಪಟ್ಟಕ್ಕೆ ಬಂದ ಮೇಲೆ ಇವರು ಯಾರ ತಲೆಯನ್ನೂ ತೆಗೆಸಿಲ್ಲ, ಹಿಂದಿನವರ ಪದ್ಧತಿಯಂತೆ ತಮ್ಮನನ್ನೂ ಕೊಲ್ಲಿಸಿಲ್ಲ. ಅದಕ್ಕೇ ದರ್ಬಾರಿನ ಪಾಷಾಗಳಿಗೆ ಸದರ. "ಇಪ್ಪತ್ತು ವರ್ಷ ದೊಡ್ಡಪ್ಪ ಬೀಗ ಹಾಕ್ಸಿದ್ದ ಕೋಣೇಲಿ ಚಮಚ ಕೆತ್ಕೊಂಡು ಕೂತಿದ್ದೋರಿಗೆ ಕತ್ತಿ ಯಾವ ಕಡೆ ಹಿಡಿಯೋದು ಅಂತಾದ್ರೂ ಗೊತ್ತಾ?" ಎಂದು ಒಬ್ಬ ನನಗೆ ಕೇಳುವಂತೆಯೇ ಹೇಳಿದ.

ಮೊನ್ನೆ ಶುಕ್ರವಾರ ಅಂಜೂರದ ಮುರಬ್ಬ ತೆಗೆದುಕೊಂಡು ಅರಮನೆಗೆ ಹೋಗಿದ್ದೆ. ಸುಲ್ತಾನರು ಎಂದಿನಂತೆ ಎದ್ದು ಬಂದು ನನ್ನ ಕೈಗೆ ಮುತ್ತಿಟ್ಟರು. ತಾವೇ ಕೆತ್ತಿದ ಚಮಚದಲ್ಲಿ ತಿನ್ನುತ್ತ, "ನನ್ನ ತಂಗಿ ಈಗ ಎಲ್ಲಿದಾಳಮ್ಮ?" ಎಂದರು. ಹೇಳಲು ಅದೇ ಸಮಯವಾಗಿತ್ತು. "ಎಡಿರ್ನೇಲಿ, ಅತ್ತೆ ಮನೇಲಿ ಸುಖವಾಗಿದಾಳೆ" ಎಂದು ಸುಳ್ಳು ಹೇಳಿದೆ.

ಕೋಪ ಮಾಡಿಕೊಳ್ಳಬೇಡ. ನೀವಿಬ್ಬರೂ ನನ್ನ ಒಂದೇ ಎದೆಯ ಹಾಲು ಕುಡಿದವರು. ನಾನು ಕೇಳಿದ್ದರೆ ಅವರು ಇಲ್ಲ ಅನ್ನುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ನನ್ನ ಮೊಮ್ಮಗುವಿನ ಗೋರಿ ಉಳಿಸಲು ಇನ್ನೆಷ್ಟು ತಾಯಂದಿರ ಮಕ್ಕಳಿಗೆ ಗೋರಿ ತೋಡಿಸಲಿ?

ನಿನ್ನ ಹಳೆಯ ಕೋಣೆ ಗುಡಿಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ನಿನ್ನ ಅಮ್ಮ,
ಗುಲ್ರುಖ್

ತಾ.ಕ.: ಕಾಗದ ಮಡಿಸಿಟ್ಟ ಮೇಲೆ ಅರಮನೆಯಿಂದ ಕರೆ ಬಂತು. ಸಂಧಿಗೆ ಮುದ್ರೆ ಬಿದ್ದಿದೆ. "ಕಹಿ ಕಷಾಯಾನ ಸಿಹಿ ಅಂತ ಕುಡಿಸ್ತಿದ್ದಾಗಲೂ ನಿನ್ನ ಮುಖ ಮೊನ್ನೆ ಇದ್ದ ಹಾಗೇ ಇರ್ತಿತ್ತಮ್ಮ. ತಂಗಿ ಕೋಟೇಲಿರೋದು ನಂಗೆ ಮೊದಲೇ ಗೊತ್ತು" ಎಂದು ಸುಲ್ತಾನರು ನಕ್ಕರು. ಗೋರಿಗಳನ್ನು ಮುಟ್ಟಕೂಡದೆಂದು ಸಂಧಿಯಲ್ಲಿ ಬರೆಸಿದ್ದಾರೆ. ಶತ್ರು ನಡೆಸಿಕೊಡುತ್ತಾನೋ ಇಲ್ಲವೋ ಹೇಳಲಾರೆ ಎಂದೂ ಅಂದರು. ಊರವರನ್ನೆಲ್ಲ ಕರೆತರಲು ಗಾಡಿಗಳು ಹೊರಟಿವೆ. ನಿನ್ನದು ಕೊನೆಯ ಗಾಡಿ. ಸುಲ್ತಾನರ ಹಾಲುತಂಗಿಯೇ ಮೊದಲು ಹೊರಟರೆ ಜನ ದಿಕ್ಕೆಟ್ಟು ಓಡುತ್ತಾರಂತೆ. "ಅವಳು ನಿಂತಿದ್ರೆ ಊರು ನಿಧಾನವಾಗಿ ಹೊರಡುತ್ತೆ. ಅಪ್ಪಣೆ ಅಲ್ಲಮ್ಮ, ಅವಳನ್ನ ಕೇಳಿ ನೋಡು" ಅಂದರು. ನಿನ್ನನ್ನು ಕೇಳದೆಯೇ ಹೂಂ ಅಂದು ಬಂದಿದ್ದೇನೆ. ಎಲ್ಲರೂ ಹೋದ ಮೇಲೆ ಗೋರಿಯ ಹತ್ತಿರ ಕೂರಲು ನಿನಗೆ ಸ್ವಲ್ಪ ಹೊತ್ತು ಸಿಗುತ್ತದೆ.